ನೀವು ಬ್ಯಾಂಕಿನವರೇ ಅನ್ನೋದಕ್ಕೆ ಏನು ಗ್ಯಾರಂಟಿ?

ಲಾಟರಿ ಹೊಡೆದಿದೆ ಅಂತ ಫೋನ್ ಬಂದರೆ ಈಗ ಹೆಚ್ಚಿನವರು ಅಲ್ಲೇ ಕಟ್ ಮಾಡುತ್ತಾರೆ. ಮನೆಯಲ್ಲೇ ಕೂತು ದಿನಕ್ಕೆ ಐದು ಸಾವಿರ ದುಡಿಯಿರಿ ಅಂದರೂ ಅಷ್ಟೇ. ಆಸೆ ತೋರಿಸಿ ಮೋಸ ಮಾಡುವವರನ್ನು ಗುರುತಿಸುವುದು ನಮಗೆ ಸ್ವಲ್ಪ ಮಟ್ಟಿಗೆ ಅಭ್ಯಾಸವಾಗಿದೆ. ಆದರೆ ಒಂದು ಕರೆ ಮಾತ್ರ ಇವತ್ತಿಗೂ ಎಂಥವರನ್ನೂ ಹಿಡಿದು ಕೂರಿಸುತ್ತದೆ. "ನಿಮ್ಮ ಬ್ಯಾಂಕಿನ ಫ್ರಾಡ್ ವಿಭಾಗದಿಂದ ಮಾತಾಡ್ತಾ ಇದ್ದೀವಿ. ನಿಮ್ಮ ಕಾರ್ಡಿನಿಂದ ಯಾರೋ ದುಡ್ಡು ತೆಗೀತಾ ಇದ್ದಾರೆ. ಈಗಲೇ ತಡೀಬೇಕು."

ಇದರಲ್ಲಿ ಆಸೆಯ ಮಾತೇ ಇಲ್ಲ. ಕಳ್ಳನೇ ಕಾವಲುಗಾರನ ಬಟ್ಟೆ ಹಾಕಿಕೊಂಡು ಬಂದಿದ್ದಾನೆ. ಹಾಗಾಗಿ ದುಡ್ಡಿನ ವಿಷಯದಲ್ಲಿ ಹುಷಾರಾಗಿರುವವರೇ ಇಲ್ಲಿ ಜಾಸ್ತಿ ಸಿಕ್ಕಿಬೀಳುತ್ತಾರೆ ಅಂತ ನನಗೆ ಅನಿಸುತ್ತದೆ. ಮೋಸದ ಸುದ್ದಿ ಓದಿ ಓದಿ ಅವರ ಮನಸ್ಸಿನಲ್ಲಿ ಮೊದಲೇ ಒಂದು ಭಯ ಕೂತಿರುತ್ತದೆ. ಕರೆ ಮಾಡಿದವನು ಆ ಭಯಕ್ಕೆ ಒಂದು ಮೊತ್ತ, ಒಂದು ಊರಿನ ಹೆಸರು ಸೇರಿಸಿದರೆ ಸಾಕು.

ಉಡುಪಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಆಗಿದ್ದು ಹೀಗೇ. ಅವರು ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದವರು. ಕರೆಂಟ್ ಬಿಲ್ಲು, ಹಾಲಿನ ಲೆಕ್ಕ ಎಲ್ಲವನ್ನೂ ಈಗಲೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಪಾಸ್‌ಬುಕ್ ಎಂಟ್ರಿಗೆ ತಾವೇ ಬ್ಯಾಂಕಿಗೆ ಹೋಗುತ್ತಾರೆ. ಅವರಿಗೆ ಒಂದು ಮಧ್ಯಾಹ್ನ ಈ ಕರೆ ಬಂತು. ಯಾವ ಬ್ಯಾಂಕು ಅನ್ನುವುದು ಇಲ್ಲಿ ಮುಖ್ಯವಲ್ಲ, ಯಾವ ಬ್ಯಾಂಕಿನ ಗ್ರಾಹಕರಿಗೂ ಇದು ಬರಬಹುದು.

ಮಾತಾಡಿದವನದು ಶುದ್ಧ ಕನ್ನಡ. ಮೊದಲು ಅವರ ಹೆಸರು ಹೇಳಿದ. ಆಮೇಲೆ ಕಾರ್ಡ್ ನಂಬರಿನ ಮೊದಲ ಆರು ಅಂಕಿ, ಕೊನೆಯ ನಾಲ್ಕು ಅಂಕಿ ಹೇಳಿದ. "ಗುರುಗ್ರಾಮದಲ್ಲಿ 49,999 ರೂಪಾಯಿಯ ಒಂದು ಖರೀದಿ ನಡೀತಾ ಇದೆ ಮೇಡಂ. ನೀವೇ ಮಾಡಿದ್ದಾ?" ಅಂತ ಕೇಳಿದ. ದೊಡ್ಡಮ್ಮ ಇಲ್ಲ ಅಂದರು. "ಗೊತ್ತಾಯ್ತು ಮೇಡಂ, ಅದಕ್ಕೇ ಫೋನ್ ಮಾಡಿದ್ದು. ಗಾಬರಿ ಆಗಬೇಡಿ, ನಾವು ತಡೆದು ಇಟ್ಟಿದ್ದೀವಿ."

ಮುಂದೆ ನಡೆದದ್ದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಕಾರ್ಡ್ ಅವರ ಕೈಯಲ್ಲೇ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು ಅಂದ. ಅದಕ್ಕೆ ಕಾರ್ಡಿನ ಹಿಂದಿರುವ ಮೂರು ಅಂಕಿ ಬೇಕು. ಒಟಿಪಿಯನ್ನಾಗಲಿ ಈ ಮೂರು ಅಂಕಿಯನ್ನಾಗಲಿ ಯಾರಿಗೂ ಹೇಳಬಾರದು ಅಂತ ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಹೇಳಿದರು. ಅವನು ಒಪ್ಪಿಕೊಂಡ. "ಕರೆಕ್ಟ್ ಮೇಡಂ, ನನಗೂ ಹೇಳಬೇಡಿ. ಬ್ಯಾಂಕಿನವರಿಗೂ ಹೇಳಬಾರದು. ಈಗ ಲೈನನ್ನು ಕಂಪ್ಯೂಟರಿಗೆ ಕೊಡ್ತೀನಿ, ನೀವು ಕೀಪ್ಯಾಡ್‌ನಲ್ಲಿ ಒತ್ತಿ. ನನಗೆ ಏನೂ ಕಾಣಲ್ಲ." ಆಮೇಲೆ ಬ್ಯಾಂಕಿನ ಕಸ್ಟಮರ್ ಕೇರ್‌ನಲ್ಲಿ ಕೇಳಿಸುವಂಥದ್ದೇ ಸಂಗೀತ. ರೆಕಾರ್ಡ್ ಮಾಡಿದ ಹೆಣ್ಣು ದನಿ. ಮೂರು ಅಂಕಿ ಒತ್ತಿದರು. ಸ್ವಲ್ಪ ಹೊತ್ತಿಗೆ ಒಂದು ಮೆಸೇಜ್ ಬಂತು.

"ಅದು ಕ್ಯಾನ್ಸಲ್ ಮಾಡುವ ಕೋಡ್ ಮೇಡಂ. ಮೆಸೇಜ್ ಓಪನ್ ಮಾಡ್ತಾ ಕೂರಬೇಡಿ, ಟೈಮ್ ಇಲ್ಲ. ಮೇಲೆ ಕಾಣ್ತಾ ಇರೋ ಆರು ಅಂಕಿ ಒತ್ತಿ."

ಒತ್ತಿದರು. ಖಾತೆಯಿಂದ 49,999 ಕಡಿತ ಅಂತ ಇನ್ನೊಂದು ಮೆಸೇಜ್ ಬಂತು. ದೊಡ್ಡಮ್ಮ ಕೇಳಿದರು, "ಇದೆಂತ, ಹಣ ಹೋಯ್ತಲ್ಲ?" ಅದಕ್ಕೂ ಅವನ ಹತ್ತಿರ ಉತ್ತರ ಇತ್ತು. ಅದು ಹೋಲ್ಡ್ ಮಾತ್ರ, 24 ಗಂಟೆಯಲ್ಲಿ ವಾಪಸ್ ಬರುತ್ತದೆ, ಇನ್ನೂ ಒಂದು ಖರೀದಿ ಬಾಕಿ ಇದೆ, ಅದನ್ನೂ ಕ್ಯಾನ್ಸಲ್ ಮಾಡಿಬಿಡೋಣ. ಇನ್ನೊಂದು ಕೋಡ್. ಲಕ್ಷದ ಹತ್ತಿರ ಹೋಯಿತು.

"ಎಷ್ಟು ಮರ್ಯಾದೆಯಲ್ಲಿ ಮಾತಾಡಿದ ಗೊತ್ತುಂಟಾ ನಿಂಗೆ? ಬ್ಯಾಂಕಿನಲ್ಲಿ ಯಾರೂ ಹಾಗೆ ಮಾತಾಡುದಿಲ್ಲ ಮಾರಾಯ" ಅಂತ ದೊಡ್ಡಮ್ಮ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಇದನ್ನು ಅವರ ತಪ್ಪು ಅಂತ ಕರೆಯಲು ನಾನು ತಯಾರಿಲ್ಲ. ಇಲ್ಲಿ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ನೋಡಿ. ಕಾರ್ಡಿನ ಮೊದಲ ಆರು ಅಂಕಿ ಗೊತ್ತಿರುವುದೇ ದೊಡ್ಡ ಪುರಾವೆ ಅಂತ ಅನಿಸುತ್ತದೆ, ಅಲ್ವಾ? ನಿಜ ಏನೆಂದರೆ ಆ ಅಂಕಿಗಳು ಯಾವ ಬ್ಯಾಂಕಿನ ಯಾವ ಬಗೆಯ ಕಾರ್ಡ್ ಅನ್ನುವುದನ್ನು ಮಾತ್ರ ಹೇಳುತ್ತವೆ. ಅದೇ ಬ್ಯಾಂಕಿನ ಅಂಥ ಕಾರ್ಡ್ ಇರುವ ಸಾವಿರಾರು ಜನರಿಗೆ ಅವೇ ಅಂಕಿಗಳು. ಕೊನೆಯ ನಾಲ್ಕು ಅಂಗಡಿಯ ರಸೀದಿಯಲ್ಲೇ ಅಚ್ಚಾಗಿರುತ್ತವೆ. ಪೂರ್ತಿ ನಂಬರು, ಹೆಸರು, ಫೋನ್ ನಂಬರು ಎಲ್ಲವೂ ಎಲ್ಲೋ ಸೋರಿಕೆಯಾದ ಪಟ್ಟಿಯಲ್ಲಿ ಸಿಗುತ್ತವೆ. ಆ ಪಟ್ಟಿ ಸೋರಿದ್ದು ದೊಡ್ಡಮ್ಮನ ಮನೆಯಿಂದ ಅಲ್ಲ.

ಇನ್ನು ಆ ಮೆಸೇಜ್. ಒಟಿಪಿ ಮೊದಲು, ಮೊತ್ತ ಮತ್ತು ಯಾರಿಗೆ ಹೋಗುತ್ತದೆ ಅನ್ನುವುದು ಆಮೇಲೆ, ಯಾರಿಗೂ ಕೊಡಬೇಡಿ ಅನ್ನುವ ಮಾತು ಕೊನೆಯಲ್ಲಿ. ಎಲ್ಲ ಇಂಗ್ಲಿಷಿನಲ್ಲಿ. ಫೋನಿನ ಮೇಲ್ಭಾಗದಲ್ಲಿ ಇಣುಕುವ ಒಂದು ಸಾಲಿನಲ್ಲಿ ಅಂಕಿ ಮಾತ್ರ ಕಾಣುತ್ತದೆ. "49,999 ರೂಪಾಯಿ ನಿಮ್ಮ ಖಾತೆಯಿಂದ ಹೋಗಲಿದೆ" ಅಂತ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಇದ್ದಿದ್ದರೆ ಆ ಟೀಚರ್ ಅಲ್ಲೇ ನಿಲ್ಲುತ್ತಿದ್ದರು ಅಂತ ನಾನು ಪೂರ್ತಿ ನಂಬುತ್ತೇನೆ. ನಮ್ಮ ದೇಶದಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ ಒಟಿಪಿಯಂಥ ಎರಡನೆಯ ಬೀಗ ಕಡ್ಡಾಯವಾಗಿದ್ದು 2009ರಲ್ಲಿ. ಒಳ್ಳೆಯ ನಿಯಮ, ಬಹಳ ದೇಶಗಳಿಗಿಂತ ಮೊದಲೇ ಬಂತು. ಅದಕ್ಕೇ ಕಳ್ಳರು ಬೀಗ ಒಡೆಯುವ ಗೋಜಿಗೆ ಹೋಗುವುದಿಲ್ಲ. ಬೀಗದ ಕೈ ಇರುವವರ ಹತ್ತಿರವೇ ಮಾತಾಡುತ್ತಾರೆ.

ಹತ್ತು ವರ್ಷದ ಹಿಂದೆ ಇಂಥ ಕರೆ ಅಂದರೆ ಜಾಮ್‌ತಾರಾ ಹೆಸರು ಬರುತ್ತಿತ್ತು. ಜಾರ್ಖಂಡ್‌ನ ಆ ಜಿಲ್ಲೆಯಲ್ಲಿ ಕರ್ಮಾಟಾರ್ ಅಂತ ಒಂದು ಊರಿದೆ. ಬಂಗಾಳದ ಸಮಾಜ ಸುಧಾರಕ ಈಶ್ವರಚಂದ್ರ ವಿದ್ಯಾಸಾಗರರು ತಮ್ಮ ಕೊನೆಯ ವರ್ಷಗಳನ್ನು ಬಹುಪಾಲು ಕಳೆದ ಊರು ಅದು. ಅಲ್ಲಿನ ರೈಲ್ವೆ ಸ್ಟೇಷನ್ನಿಗೆ ಅವರದೇ ಹೆಸರು. ಬಡವರ ಮಕ್ಕಳಿಗೆ ಅಕ್ಷರ ಕಲಿಸಿದವರ ನೆಲಕ್ಕೆ ಈ ಕೆಟ್ಟ ಹೆಸರು ಬಂತಲ್ಲ ಅಂತ ಬೇಸರವಾಗುತ್ತದೆ. ಆಗಿನ ಕರೆ ಒರಟಾಗಿತ್ತು. "ನಿಮ್ಮ ಎಟಿಎಂ ಕಾರ್ಡ್ ಬ್ಲಾಕ್ ಆಗಿದೆ, ನಂಬರ್ ಹೇಳಿ" ಅಂತ ಹಿಂದಿಯಲ್ಲಿ. ನಮ್ಮ ಕಡೆ ಎಷ್ಟೋ ಜನರನ್ನು ಆ ಹಿಂದಿಯೇ ಕಾಪಾಡಿತು. ಭಾಷೆ ಬರುವುದಿಲ್ಲ ಅಂತ ಫೋನ್ ಇಟ್ಟುಬಿಡುತ್ತಿದ್ದರು. ಈಗ ಕನ್ನಡದಲ್ಲೇ ಮಾತಾಡುತ್ತಾರೆ.

ವಿಧಾನಗಳೂ ಬೆಳೆದಿವೆ. ಸ್ಕ್ರೀನ್ ಹಂಚಿಕೊಳ್ಳುವ ಎನಿಡೆಸ್ಕ್ ಆ್ಯಪ್ ಹಾಕಿಸಿ ಫೋನನ್ನೇ ನೋಡುವುದರ ಬಗ್ಗೆ ಆರ್‌ಬಿಐ 2019ರಲ್ಲೇ ಎಚ್ಚರಿಸಿತ್ತು. ಬ್ಯಾಂಕಿನ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಕಳಿಸುತ್ತಾರೆ. ಅದನ್ನು ಇನ್‌ಸ್ಟಾಲ್ ಮಾಡಿದರೆ ಬರುವ ಮೆಸೇಜೆಲ್ಲ ಅವರಿಗೂ ಹೋಗುತ್ತದೆ. ಸ್ಟಾರ್ 401 ಒತ್ತಿಸಿ ಕರೆಗಳನ್ನೇ ತಮ್ಮ ನಂಬರಿಗೆ ತಿರುಗಿಸಿಕೊಳ್ಳುತ್ತಿದ್ದರು. ಆ ಸೌಲಭ್ಯವನ್ನು 2024ರ ಏಪ್ರಿಲ್‌ನಲ್ಲಿ ದೂರಸಂಪರ್ಕ ಇಲಾಖೆ ನಿಲ್ಲಿಸಿತು. ಹೊರದೇಶದಿಂದ ಕರೆ ಮಾಡಿ ನಮ್ಮ ದೇಶದ ನಂಬರು ಕಾಣುವ ಹಾಗೆ ಮಾಡುವುದು ಇನ್ನೊಂದು. ಇದನ್ನು ತಡೆಯುವ ವ್ಯವಸ್ಥೆ 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ಮೊದಲ 24 ಗಂಟೆಯಲ್ಲೇ 1.35 ಕೋಟಿ ಇಂಥ ಕರೆಗಳು ಸಿಕ್ಕವು ಅಂತ ಸರ್ಕಾರ ಹೇಳಿತು. ಎಲ್ಲ ಬಗೆಯ ಸೈಬರ್ ವಂಚನೆ ಸೇರಿ 2024ರಲ್ಲಿ ದೇಶದ ಜನ ಕಳೆದುಕೊಂಡಿದ್ದು 22,845 ಕೋಟಿ ರೂಪಾಯಿ. ಹಿಂದಿನ ವರ್ಷ ಅದು 7,465 ಕೋಟಿ ಇತ್ತು. ಲೋಕಸಭೆಗೆ ಕೊಟ್ಟ ಲೆಕ್ಕ ಇದು.

ಆದರೆ ನನ್ನನ್ನು ಕಾಡುವ ವಿಷಯ ಬೇರೆ. ನಿಜವಾದ ಬ್ಯಾಂಕು ನಮಗೆ ಹೇಗೆ ಫೋನ್ ಮಾಡುತ್ತದೆ?

ಬ್ಯಾಂಕುಗಳಲ್ಲಿ ವಂಚನೆ ಪತ್ತೆ ಮಾಡುವ ತಂಡ ನಿಜವಾಗಿಯೂ ಇರುತ್ತದೆ. ಅನುಮಾನ ಬಂದರೆ ಅವರೂ ಫೋನ್ ಮಾಡುತ್ತಾರೆ. "ಈ ಖರೀದಿ ನೀವೇ ಮಾಡಿದ್ದಾ?" ಅಂತಲೇ ಕೇಳುತ್ತಾರೆ. ಅದಕ್ಕೂ ಮೊದಲು, "ನಿಮ್ಮ ಸುರಕ್ಷತೆಗಾಗಿ ಹುಟ್ಟಿದ ದಿನಾಂಕ ಹೇಳಿ" ಅನ್ನುತ್ತಾರೆ. ನನಗೆ ಬ್ಯಾಂಕಿನಿಂದ ಇಂಥ ಕರೆ ಬಂದಾಗ ನಾನು ಕೇಳಿದ್ದೆ, ಮೊದಲು ನೀವು ಬ್ಯಾಂಕಿನವರು ಅಂತ ನನಗೆ ಹೇಗೆ ಗೊತ್ತಾಗಬೇಕು? ಆ ಹುಡುಗಿಗೆ ಏನು ಹೇಳಬೇಕು ಅಂತ ತೋಚಲಿಲ್ಲ. "ಸರ್, ನಾನು ಬ್ಯಾಂಕಿನಿಂದಲೇ ಮಾತಾಡ್ತಾ ಇರೋದು" ಅಂದಳು. ಪಾಪ, ಅವಳ ಮುಂದಿದ್ದ ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ.

ಇಡೀ ಮೋಸ ನಿಂತಿರುವುದು ಇಲ್ಲೇ. ನಾನು ನಾನೇ ಅಂತ ತೋರಿಸಲು ಬ್ಯಾಂಕು ನನ್ನಿಂದ ಆಧಾರ್, ಪ್ಯಾನ್, ಸಹಿ, ಬೆರಳಚ್ಚು, ಒಟಿಪಿ ಎಲ್ಲ ಕೇಳುತ್ತದೆ. ತಾನು ತಾನೇ ಅಂತ ತೋರಿಸಲು ಬ್ಯಾಂಕು ನನಗೆ ಏನನ್ನೂ ಕೊಡುವುದಿಲ್ಲ. ಕರೆ ಮಾಡಿದವರು ಹೇಳಿದ್ದನ್ನು ನಂಬುವುದು, ಅವರು ಕೇಳಿದ್ದಕ್ಕೆ ಉತ್ತರ ಕೊಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಆ ರೂಢಿ ಮಾಡಿಸಿದ್ದು ಕಳ್ಳರಲ್ಲ. ಕೆವೈಸಿ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಖಾತೆ ನಿಲ್ಲುತ್ತದೆ ಅಂತ ವರ್ಷಗಟ್ಟಲೆ ಮೆಸೇಜ್ ಕಳಿಸಿ, ಅದರಲ್ಲೇ ಲಿಂಕ್ ಕೊಟ್ಟು, ಸಾಲ ಬೇಕಾ ಅಂತ ಯಾವ್ಯಾವುದೋ ಮೊಬೈಲ್ ನಂಬರಿನಿಂದ ಕರೆ ಮಾಡಿದ್ದು ಬ್ಯಾಂಕುಗಳೇ.

ನಮ್ಮ ಕರಾವಳಿಯಲ್ಲಿ ಬೆಳೆದವರಿಗೆ ಇದು ಇನ್ನೂ ಜಾಸ್ತಿ ನೋವು ಕೊಡುತ್ತದೆ. ಬ್ಯಾಂಕು ಅಂದರೆ ನಮಗೆ ಗುರುತಿನ ಮುಖ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಗೇ ಬಂದು ತೆಗೆದುಕೊಳ್ಳುತ್ತಿದ್ದರು. ಮೀನು ಮಾರುವವರು, ಬೀಡಿ ಕಟ್ಟುವವರು, ಹೋಟೆಲಿನಲ್ಲಿ ದುಡಿಯುವವರು ದುಡ್ಡು ಕೂಡಿಟ್ಟಿದ್ದು ಹಾಗೆ. ಪಿಗ್ಮಿಯವರು ಬಂದರು ಅಂದರೆ ಒಂದು ಲೋಟ ಮಜ್ಜಿಗೆ ಕೊಡುವ ಮನೆಗಳಿದ್ದವು. ಅವರು ಯಾರು ಅಂತ ಯಾರೂ ಕೇಳಬೇಕಾಗಿರಲಿಲ್ಲ. ವಿಜಯ ಬ್ಯಾಂಕು 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ ಎರಡೂ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕಾರಣಗಳು ಏನೇ ಇರಲಿ, ಜನರ ಮಟ್ಟಿಗೆ ಆಗಿದ್ದು ಇಷ್ಟು: ಬೋರ್ಡು ಬದಲಾಯಿತು, ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಹಳೆಯ ಚೆಕ್ ಬುಕ್ ನಡೆಯುವುದಿಲ್ಲ ಅಂತ ಮೆಸೇಜ್ ಬಂತು. ಅದು ಮಾಡಿ, ಇದು ಮಾಡಿ ಅಂತ ಫೋನಿನಲ್ಲಿ ಹೇಳಿಸಿಕೊಳ್ಳುವುದು ಮಾಮೂಲಾಯಿತು. ಮುಖ ಹೋಗಿ ದನಿ ಮಾತ್ರ ಉಳಿಯಿತು. ದನಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು.

ದೊಡ್ಡಮ್ಮ ಶಾಖೆಗೆ ಹೋದಾಗ ಸಿಕ್ಕ ಉತ್ತರ, "ಒಟಿಪಿ ನೀವೇ ಕೊಟ್ಟಿದ್ದೀರಲ್ಲ." ಅಷ್ಟೇ. ಇದರ ಹಿಂದೆ ಆರ್‌ಬಿಐ 2017ರ ಜುಲೈನಲ್ಲಿ ತಂದ ನಿಯಮ ಇದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಅಂತಾದರೆ, ಮಾಹಿತಿ ಸಿಕ್ಕ ಮೂರು ಕೆಲಸದ ದಿನಗಳ ಒಳಗೆ ದೂರು ಕೊಟ್ಟವರಿಗೆ ನಷ್ಟ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನ ಆದರೆ ಗ್ರಾಹಕರ ನಷ್ಟಕ್ಕೆ ಒಂದು ಮಿತಿ. ಆದರೆ ಗ್ರಾಹಕರ ನಿರ್ಲಕ್ಷ್ಯದಿಂದ ಆಗಿದ್ದರೆ, ದೂರು ಕೊಡುವ ತನಕದ ನಷ್ಟ ಪೂರ್ತಿ ಅವರದೇ. ದೂರು ಕೊಟ್ಟ ಮೇಲೆ ಹೋದ ದುಡ್ಡು ಬ್ಯಾಂಕಿನ ಹೊಣೆ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಶಾಖೆಯಲ್ಲಿ ಯಾರೂ ಹೇಳುವುದಿಲ್ಲ. ಗ್ರಾಹಕರದೇ ಹೊಣೆ ಅಂತ ಸಾಬೀತು ಮಾಡಬೇಕಾದ ಭಾರ ಬ್ಯಾಂಕಿನದು.

ನುರಿತ ಕಳ್ಳನೊಬ್ಬ ಬ್ಯಾಂಕಿನ ವೇಷ ಹಾಕಿ, ಬ್ಯಾಂಕಿನ ಭಾಷೆಯಲ್ಲೇ ಮಾತಾಡಿ, ಬ್ಯಾಂಕಿನದೇ ಎಚ್ಚರಿಕೆಯನ್ನು ಬಳಸಿ ಮೋಸ ಮಾಡಿದರೆ ಅದನ್ನು 'ನಿರ್ಲಕ್ಷ್ಯ' ಅನ್ನುವುದು ಯಾವ ನ್ಯಾಯ? ಬ್ರಿಟನ್ನಿನಲ್ಲಿ ಈ ವಾದ ಬಹಳ ವರ್ಷ ನಡೆಯಿತು. ಅಲ್ಲಿ ಕಳ್ಳರು "ನಿಮ್ಮ ದುಡ್ಡನ್ನು ಸುರಕ್ಷಿತ ಖಾತೆಗೆ ಹಾಕಿ" ಅಂತ ಹೇಳಿ ಜನರ ಕೈಯಿಂದಲೇ ವರ್ಗಾವಣೆ ಮಾಡಿಸುತ್ತಾರೆ. ಲ್ಯಾಂಡ್‌ಲೈನ್ ಕಾಲದಲ್ಲಿ ಇನ್ನೂ ಘೋರ ಉಪಾಯ ಇತ್ತು. ಅನುಮಾನ ಇದ್ದರೆ ಫೋನ್ ಇಟ್ಟು ಬ್ಯಾಂಕಿಗೆ ನೀವೇ ಕರೆ ಮಾಡಿ ಅನ್ನುತ್ತಿದ್ದರು. ಕರೆ ಮಾಡಿದವನು ಇಡದಿದ್ದರೆ ಲೈನು ಸ್ವಲ್ಪ ಹೊತ್ತು ಹಾಗೇ ಉಳಿಯುತ್ತಿತ್ತು. ಅವನೇ ಡಯಲ್ ಟೋನ್ ಕೇಳಿಸುತ್ತಿದ್ದ, ಎತ್ತುವವನೂ ಅವನ ಕಡೆಯವನೇ. 2024ರ ಅಕ್ಟೋಬರ್ 7ರಿಂದ ಅಲ್ಲಿ ಹೀಗೆ ಮೋಸ ಹೋಗಿ ದುಡ್ಡು ಕಳಿಸಿದವರಿಗೆ 85,000 ಪೌಂಡ್ ತನಕ ಬ್ಯಾಂಕುಗಳೇ ತುಂಬಿಕೊಡಬೇಕು. ಅರ್ಧ ಕಳಿಸಿದ ಬ್ಯಾಂಕು, ಅರ್ಧ ಪಡೆದ ಬ್ಯಾಂಕು.

ಆ ಎರಡನೆಯ ಅರ್ಧ ನನಗೆ ಬಹಳ ಮುಖ್ಯ ಅನಿಸುತ್ತದೆ. ದೊಡ್ಡಮ್ಮನ ದುಡ್ಡು ಕಾರ್ಡಿನಿಂದ ಒಂದು ವಾಲೆಟ್ಟಿಗೆ, ಅಲ್ಲಿಂದ ಬೇರೆ ಬೇರೆ ಖಾತೆಗಳಿಗೆ ಹೋಗಿದೆ. ಆ ಖಾತೆಗಳಿಗೂ ಯಾವುದೋ ಬ್ಯಾಂಕು ಕೆವೈಸಿ ಮಾಡಿರಬೇಕಲ್ಲ? ಯಾವುದೋ ಕೂಲಿಯವನಿಗೋ, ವಿದ್ಯಾರ್ಥಿಗೋ ಸ್ವಲ್ಪ ದುಡ್ಡು ಕೊಟ್ಟು, ಅವರ ಹೆಸರಿನಲ್ಲಿ ಖಾತೆ ತೆರೆಸಿ, ಕಾರ್ಡು, ಸಿಮ್ಮು ಎಲ್ಲ ತೆಗೆದುಕೊಂಡು ಹೋಗುತ್ತಾರೆ. ಮ್ಯೂಲ್ ಖಾತೆ ಅನ್ನುವುದು ಇದನ್ನೇ. ಇವನ್ನು ಹುಡುಕಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ 'ಮ್ಯೂಲ್‌ಹಂಟರ್' ಅನ್ನುವ ತಂತ್ರಾಂಶ ಮಾಡಿದೆ. ಒಳ್ಳೆಯದು. ಆದರೆ ಇಂಥ ಖಾತೆ ಇಟ್ಟುಕೊಂಡ ಬ್ಯಾಂಕಿನ ಜೇಬಿನಿಂದ ದುಡ್ಡು ಹೋಗುವ ತನಕ ಆ ಕೆಲಸಕ್ಕೆ ಬಿರುಸು ಬರುವುದಿಲ್ಲ ಅಂತ ನನ್ನ ಅನಿಸಿಕೆ.

ಬ್ಯಾಂಕು ತನ್ನ ಗುರುತು ತೋರಿಸುವುದು ಆಗದ ಕೆಲಸವೇನೂ ಅಲ್ಲ. ಬ್ರಿಟನ್ನಿನ ಮೊಂಜೊ ಬ್ಯಾಂಕಿನ ಆ್ಯಪಿನಲ್ಲಿ, ಈಗ ನಮ್ಮ ಸಿಬ್ಬಂದಿ ನಿಮ್ಮ ಜೊತೆ ಫೋನಿನಲ್ಲಿ ಇದ್ದಾರೋ ಇಲ್ಲವೋ ಅಂತ 2023ರಿಂದ ತೋರಿಸುತ್ತಾರೆ. ಇಲ್ಲ ಅಂತ ಬಂದರೆ ಕರೆ ಕಟ್. ಅಲ್ಲೇ 159 ಅಂತ ಒಂದು ನಂಬರು ಇದೆ, ಅದನ್ನು ಒತ್ತಿದರೆ ನಿಮ್ಮ ಬ್ಯಾಂಕಿಗೆ ನೇರ ಹೋಗುತ್ತದೆ. ನಮ್ಮಲ್ಲೂ ಒಂದಿಷ್ಟು ನಡೆದಿದೆ. ಸೇವೆಗೆ ಸಂಬಂಧಿಸಿದ ಕರೆಗಳನ್ನು 1600ರಿಂದ ಶುರುವಾಗುವ ನಂಬರಿನಿಂದಲೇ ಮಾಡಬೇಕು ಅಂತ ಆರ್‌ಬಿಐ 2025ರ ಜನವರಿಯಲ್ಲಿ ಹೇಳಿದೆ. ಬ್ಯಾಂಕುಗಳ ವೆಬ್‌ಸೈಟ್ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಮುಗಿಯಬೇಕು ಅಂತಲೂ ನಿಯಮ ಬಂದಿದೆ. ಇದನ್ನು ಶಾಖೆಯ ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಹಾಕಬೇಕು. ಪಾಸ್‌ಬುಕ್ ಎಂಟ್ರಿಗೆ ಬರುವ ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಬೇಕು.

ಮನೆಯ ಹಿರಿಯರಿಗೆ ನಾನು ಈಗ ಒಟಿಪಿ ಪಾಠ ಮಾಡುವುದಿಲ್ಲ. ಆ ಪಾಠವನ್ನೇ ಕಳ್ಳರು ಹೇಗೆ ಬಳಸುತ್ತಾರೆ ಅಂತ ನೋಡಿ ಆಯಿತು. ಒಂದೇ ಮಾತು ಹೇಳುತ್ತೇನೆ: ಬ್ಯಾಂಕಿನ ಹೆಸರಿನಲ್ಲಿ ಯಾರೇ ಫೋನ್ ಮಾಡಲಿ, ಮಧ್ಯದಲ್ಲೇ ಇಟ್ಟುಬಿಡಿ. ಅಸಭ್ಯ ಅಂದುಕೊಂಡರೆ ಅಂದುಕೊಳ್ಳಲಿ. ಆಮೇಲೆ ಕಾರ್ಡಿನ ಹಿಂದೆ ಬರೆದಿರುವ ನಂಬರಿಗೆ ನೀವೇ ಕರೆ ಮಾಡಿ. ನಿಜವಾಗಿಯೂ ಬ್ಯಾಂಕೇ ಕರೆ ಮಾಡಿದ್ದರೆ ಅದರಿಂದ ಏನೂ ಕೆಡುವುದಿಲ್ಲ. ಅನುಮಾನದ ಪಾವತಿಯನ್ನು ತಡೆಯಲು ಅವರಿಗೆ ನಿಮ್ಮ ಒಟಿಪಿ ಬೇಕಾಗಿಯೇ ಇಲ್ಲ.

ದುಡ್ಡು ಹೋಗಿಬಿಟ್ಟಿದ್ದರೆ 1930, ಸೈಬರ್ ವಂಚನೆಯ ಸಹಾಯವಾಣಿ. ಬ್ಯಾಂಕಿಗೆ ಹೋಗಿ ಕ್ಯೂ ನಿಲ್ಲುವ ಮೊದಲೇ ಇದು. ದೊಡ್ಡಮ್ಮನ ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ ಅವತ್ತು ಸಂಜೆಯೇ ಈ ನಂಬರಿಗೆ ಕರೆ ಮಾಡಿಸಿದ. ಖಾತೆ ನಂಬರು, ಹೋದ ಮೊತ್ತ, ಸಮಯ, ಮೆಸೇಜಿನಲ್ಲಿರುವ ವಹಿವಾಟಿನ ನಂಬರು ಕೇಳುತ್ತಾರೆ. ದುಡ್ಡು ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ತಕ್ಷಣ ಸುದ್ದಿ ಹೋಗುತ್ತದೆ. ಅಷ್ಟರಲ್ಲಿ ಖಾಲಿಯಾಗದೆ ಉಳಿದಿದ್ದನ್ನು ಅಲ್ಲೇ ತಡೆಹಿಡಿಯುತ್ತಾರೆ. ದೊಡ್ಡಮ್ಮನ ಅರ್ಧದಷ್ಟು ದುಡ್ಡು ಹೀಗೆ ಒಂದು ಖಾತೆಯಲ್ಲಿ ಸಿಕ್ಕಿಕೊಂಡಿದೆ. ತಡೆಹಿಡಿದದ್ದು ಕೈಗೆ ಬರಬೇಕಾದರೆ ಎಷ್ಟೋ ಸಲ ಕೋರ್ಟ್ ಆದೇಶ ಬೇಕು, ಅದಕ್ಕಾಗಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಓಡಾಟ ನಡೆದಿದೆ. ಉಳಿದರ್ಧ ಎಟಿಎಂನಿಂದ ತೆಗೆದಾಗಿದೆ.

ಈಗ ನಾವಿಬ್ಬರೂ ಕೂತು ಬ್ಯಾಂಕಿಗೆ ಒಂದು ಪತ್ರ ಬರೆದಿದ್ದೇವೆ. ಬರೆದಿದ್ದು ದೊಡ್ಡಮ್ಮನೇ, ಅವರದೇ ದುಂಡಗಿನ ಅಕ್ಷರದಲ್ಲಿ, ಕನ್ನಡದಲ್ಲಿ. ನನ್ನ ಪೂರ್ತಿ ಕಾರ್ಡ್ ನಂಬರು ಹೊರಗೆ ಹೋಗಿದ್ದು ಎಲ್ಲಿಂದ? ಯಾವತ್ತೂ ಆನ್‌ಲೈನ್ ಖರೀದಿ ಮಾಡದ ನನ್ನ ಕಾರ್ಡಿನಿಂದ ಕೆಲವೇ ನಿಮಿಷದಲ್ಲಿ ಎರಡು ಸಲ ದೊಡ್ಡ ಮೊತ್ತ ಹೋದಾಗ ನಿಮ್ಮ ಫ್ರಾಡ್ ವಿಭಾಗ ಏನು ಮಾಡುತ್ತಿತ್ತು? ನನ್ನದು ನಿರ್ಲಕ್ಷ್ಯ ಅಂತ ನೀವು ಸಾಬೀತು ಮಾಡಿದ್ದು ಹೇಗೆ? ಶಾಖೆಯಲ್ಲಿ ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಂಡಿದ್ದೇವೆ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಹೋಗುತ್ತದೆ. ಅದನ್ನೂ ತಾನೇ ಬರೆಯುತ್ತೇನೆ ಅಂತ ದೊಡ್ಡಮ್ಮ ಹೇಳಿದ್ದಾರೆ.